ಅರ್ಜಿ ತುಂಬುವ ಮುನ್ನ ಮಕ್ಕಳನ್ನು ಕೇಳೋಣ

(ಝಳಕಿಯಲ್ಲಿ ಪಿಯುಸಿ ಮುಗಿಸಿದ ವಿದ್ಯಾರ್ಥಿಗಳನ್ನೂ ಅವರ ಹೆತ್ತವರನ್ನೂ ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಝಳಕಿಯ ಕ್ರಾಸಿನಲ್ಲಿ ನಿಂತರೆ ಒಂದು ದಾರಿ ವಿಜಯಪುರಕ್ಕೆ ಹೋಗುತ್ತದೆ, ಒಂದು ಸೊಲ್ಲಾಪುರಕ್ಕೆ ಹೋಗುತ್ತದೆ, ಒಂದು ಇಂಡಿಗೆ, ಇನ್ನೊಂದು ಚಡಚಣಕ್ಕೆ. ಬಸ್ಸು ಬಂದು ನಿಂತಾಗ ನಾವು ಮೊದಲು ಮಾಡುವ ಕೆಲಸವೇನು? ಫಲಕ ಓದುತ್ತೇವೆ. ಓದಲು ಬಾರದವರು ಕಂಡಕ್ಟರನನ್ನು ಕೇಳುತ್ತಾರೆ. ಒಂದು ಟಿಕೆಟಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ನಾವು, ನಮ್ಮ ಮಕ್ಕಳ ಆಯುಷ್ಯದ ಮೂರು ಅಥವಾ ಐದು ವರ್ಷಗಳನ್ನು ನಿರ್ಧರಿಸುವಾಗ ಫಲಕವನ್ನೇ ಓದುವುದಿಲ್ಲ.

ಪಿಯುಸಿ ಫಲಿತಾಂಶ ಬಂದ ಮರುದಿನ ಬಸ್ ನಿಲ್ದಾಣದ ಪಕ್ಕದ ಕಂಪ್ಯೂಟರ್ ಅಂಗಡಿಗೆ ಹೋಗಿ ನೋಡಿರಿ. ತಂದೆ ಅಂಕಪಟ್ಟಿ ಹಿಡಿದು ನಿಂತಿರುತ್ತಾರೆ. ಮಗ ಅವರ ಹಿಂದೆ ನಿಂತಿರುತ್ತಾನೆ. ಮಗಳು ಮನೆಯಲ್ಲಿಯೇ ಇರುತ್ತಾಳೆ, ಅವಳ ಅರ್ಜಿಯನ್ನೂ ತಂದೆಯೇ ತುಂಬಿಸುತ್ತಾರೆ. ಅಂಗಡಿಯ ಹುಡುಗ ‘ಯಾವ ಕೋರ್ಸ್ ಹಾಕಲಿ ಚಾಚಾ?’ ಎಂದು ಕೇಳುತ್ತಾನೆ. ‘ಯಾವುದು ಛಲೋ ಅದನೋ ಅದನ್ನ ಹಾಕಿ ಬಿಡಪ್ಪಾ’ ಎಂಬ ಉತ್ತರ ಬರುತ್ತದೆ. ಹೀಗೆ ನಮ್ಮ ಸಮುದಾಯದ ಒಂದು ತಲೆಮಾರಿನ ಭವಿಷ್ಯವನ್ನು ಇಪ್ಪತ್ತು ವರ್ಷದ ಒಬ್ಬ ಅಂಗಡಿ ಹುಡುಗ ಎರಡು ನಿಮಿಷಗಳಲ್ಲಿ ತೀರ್ಮಾನಿಸುತ್ತಾನೆ. ಅವನದೇನೂ ತಪ್ಪಿಲ್ಲ. ಕೇಳಬೇಕಾದವರನ್ನು ಕೇಳದೆ ಅವನನ್ನು ಕೇಳಿದ ನಮ್ಮದು ತಪ್ಪು.

ಇದನ್ನು ನಾವು ಇತರರ ಮೇಲೆ ಬೆರಳು ತೋರಿಸಿ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿಯೇ ಇದು ನಡೆಯಿತು. ನಮ್ಮ ತಮ್ಮನಿಗೆ ಒಂದು ವರ್ಷದ ಅಂತರದ ಇಬ್ಬರು ಮಕ್ಕಳು. ಹುಡುಗ ಕಲಾ ವಿಭಾಗದಲ್ಲಿ ಪಿಯುಸಿ ಮುಗಿಸಿದ. ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದ ವರೆಗೆ ಓದುವವನು. ಓಣಿಯ ಮುದುಕಿಯರಿಗೆ ಪಿಂಚಣಿಯ ಅರ್ಜಿ ಬರೆದುಕೊಡುವವನು, ಪಂಚಾಯತಿಯಲ್ಲಿ ಯಾರಾದರೂ ಸುಳ್ಳು ಹೇಳಿದರೆ ಎದ್ದು ನಿಂತು ಕೇಳುವವನು. ಪಕ್ಕದ ಮನೆಯ ಹುಡುಗ ಪುಣೆಯ ಒಂದು ಸಾಫ್ಟ್‌ವೇರ್ ಕಂಪೆನಿಯಲ್ಲಿದ್ದಾನೆ ಎಂಬ ಒಂದೇ ಕಾರಣಕ್ಕೆ ನಾವು ಅವನನ್ನು ಬಿಸಿಎಗೆ ಸೇರಿಸಿದೆವು. ಹುಡುಗಿಗೆ ಪಿಯುಸಿಯಲ್ಲಿ ಗಣಕ ವಿಜ್ಞಾನದಲ್ಲಿಯೇ ಅತಿ ಹೆಚ್ಚು ಅಂಕ. ಓಣಿಯವರ ಮೊಬೈಲುಗಳೆಲ್ಲ ಅವಳ ಕೈಯಿಂದಲೇ ಸರಿಯಾಗುತ್ತಿದ್ದವು. ‘ಹತ್ತಿರದಲ್ಲಿದೆ, ನಿಕಾಹ್ ಆಗುವ ತನಕ ಓದಲಿ’ ಎಂದು ಅವಳನ್ನು ಬಿಎಗೆ ಹಾಕಿದೆವು.

ಹುಡುಗ ಮೊದಲ ಸೆಮಿಸ್ಟರಿನಲ್ಲಿ ಗಣಿತದಲ್ಲೂ ಪ್ರೋಗ್ರಾಮಿಂಗ್‌ನಲ್ಲೂ ಅನುತ್ತೀರ್ಣನಾದ. ನಮಗೆ ಹೇಳಲಿಲ್ಲ. ಮೂರನೆಯ ಸೆಮಿಸ್ಟರಿನ ನಡುವೆ ಕಾಲೇಜು ಬಿಟ್ಟು ನಿಂಬೆಹಣ್ಣಿನ ಗಾಡಿಯ ಚಾಲಕನಾದ. ದುಡಿದು ತಿನ್ನುವುದರಲ್ಲಿ ಅವಮಾನವೇನಿಲ್ಲ. ಆದರೆ ಅವನು ಸೋತದ್ದು ತನ್ನ ದಡ್ಡತನದಿಂದಲ್ಲ, ನಮ್ಮ ಹಟದಿಂದ. ಒಂದು ರಾತ್ರಿ ಅವನನ್ನು ಕೂರಿಸಿಕೊಂಡು ವಿಚಾರಿಸಿದಾಗ ತಲೆ ತಗ್ಗಿಸಿ ಒಂದೇ ಮಾತು ಹೇಳಿದ: ‘ಬಡೇ ಅಬ್ಬಾ, ನೀವು ಕೇಳಿದ್ದರೆ ನಾನು ಹೇಳುತ್ತಿದ್ದೆ.’ ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ. ಇಬ್ಬರು ಮಕ್ಕಳ ಅರ್ಜಿಗಳನ್ನು ನಾವೇ ನಮ್ಮ ಕೈಯಾರೆ ಅದಲು ಬದಲು ಮಾಡಿದ್ದೆವು. ಇಂದು ನಿಮ್ಮ ಮುಂದೆ ನಿಲ್ಲುವ ಅರ್ಹತೆ ನಮಗಿದ್ದರೆ ಅದು ಈ ತಪ್ಪಿನಿಂದ ಬಂದ ಅರ್ಹತೆ.

ಸಹೋದರರೇ, ಇದು ಒಂದು ಮನೆಯ ಕಥೆ ಮಾತ್ರವೇ? 2006ರ ನವೆಂಬರಿನಲ್ಲಿ ಸಲ್ಲಿಕೆಯಾದ ಸಾಚಾರ್ ಸಮಿತಿಯ ವರದಿಯು, ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು ಮಾತ್ರ, ಸ್ನಾತಕೋತ್ತರ ಪದವಿ ಓದುವ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂದು ತೋರಿಸಿಕೊಟ್ಟಿತ್ತು. ಕೇಂದ್ರ ಸರಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕಾಲೇಜು ಮೆಟ್ಟಿಲೇರಿದ ಸುಮಾರು 4.33 ಕೋಟಿ ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಸುಮಾರು 21 ಲಕ್ಷ, ಅಂದರೆ ನೂರಕ್ಕೆ ಐದು ಮಂದಿಯೂ ಇಲ್ಲ. 2011ರ ಜನಗಣತಿಯಂತೆ ನಾವು ಜನಸಂಖ್ಯೆಯಲ್ಲಿ ಶೇ. 14.2 ಇದ್ದೇವೆ. ಇದಕ್ಕೆ ಬಡತನ ಕಾರಣ, ತಾರತಮ್ಯ ಕಾರಣ, ನಿಜ. ಅದನ್ನು ನಾವು ಸರಕಾರದ ಮುಂದೆ ಹೇಳುತ್ತಲೇ ಇರಬೇಕು. ಆದರೆ ಕಾಲೇಜಿನ ಬಾಗಿಲ ವರೆಗೆ ತಲುಪಿದ ಆ ಕೆಲವೇ ಮಕ್ಕಳನ್ನೂ ತಪ್ಪು ಕೋಣೆಯಲ್ಲಿ ಕೂರಿಸಿ ಹಿಂದಕ್ಕೆ ಕಳುಹಿಸಿದರೆ ಅದಕ್ಕೆ ಯಾವ ಸರಕಾರವನ್ನು ದೂರೋಣ?

ಆದ್ದರಿಂದ ಇಂದು ನಾವು ಮೂರು ಕೋಣೆಗಳ ಬಗ್ಗೆ ಮಾತನಾಡೋಣ: ಮಾಹಿತಿ ವ್ಯವಸ್ಥೆ, ಅಂದರೆ ಬಿಸಿಎ ಮತ್ತು ಅದರ ಬಳಗದ ಕೋರ್ಸುಗಳು, ಕಾನೂನು, ಮತ್ತು ನಾವು ಸಾಮಾನ್ಯವಾಗಿ ‘ಬರೀ ಬಿಎ’ ಎಂದು ಕರೆಯುವ ಮಾನವಿಕ ಶಾಸ್ತ್ರಗಳು.

ಮೊದಲನೆಯದಾಗಿ ಬಿಸಿಎ. ಕಂಪ್ಯೂಟರ್ ಕಲಿಯುವುದೆಂದರೆ ಟೈಪು ಮಾಡುವುದೋ ಯಂತ್ರ ರಿಪೇರಿ ಮಾಡುವುದೋ ಎಂದು ಹಲವರು ಭಾವಿಸಿದ್ದಾರೆ. ವಾಸ್ತವದಲ್ಲಿ ಅದು ಲೆಕ್ಕವನ್ನೂ ದಾಖಲೆಯನ್ನೂ ತಪ್ಪಿಲ್ಲದೆ ಜೋಡಿಸಿ, ಬೇಕಾದಾಗ ಬೇಕಾದ ರೀತಿಯಲ್ಲಿ ಸಿಗುವಂತೆ ಮಾಡುವ ವಿದ್ಯೆ. ನಮ್ಮ ರಾಜ್ಯದಲ್ಲಿ 2001ರ ಹೊತ್ತಿಗೆ ಆರಂಭವಾದ ‘ಭೂಮಿ’ ಯೋಜನೆಯನ್ನೇ ತೆಗೆದುಕೊಳ್ಳಿ. ಶಾನುಭೋಗರ, ತಲಾಠಿಗಳ ಕೈಬರಹದ ಪುಸ್ತಕಗಳಲ್ಲಿದ್ದ ಪಹಣಿಗಳು ಕಂಪ್ಯೂಟರಿಗೆ ಬಂದವು. ಆ ವ್ಯವಸ್ಥೆಯನ್ನು ರೂಪಿಸುವುದು ಮಾಹಿತಿ ವ್ಯವಸ್ಥೆಯ ಕೆಲಸ. ಈ ಕೋರ್ಸಿನಲ್ಲಿ ಪ್ರೋಗ್ರಾಮಿಂಗ್ ಇದೆ, ದತ್ತಾಂಶ ನಿರ್ವಹಣೆ ಇದೆ, ನೆಟ್‌ವರ್ಕ್ ಇದೆ, ಅವೆಲ್ಲದರ ಬುಡದಲ್ಲಿ ಗಣಿತವಿದೆ. ಒಂದು ತಪ್ಪನ್ನು ಹುಡುಕುತ್ತಾ ಮೂರು ತಾಸು ಒಂದೇ ಕಡೆ ಕೂರುವ ಸಹನೆ ಬೇಕು. ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿದ ಮಗುವಿಗೆ ಇದು ಅಸಾಧ್ಯವಲ್ಲ. ಆದರೆ ಮೊದಲ ವರ್ಷ ಯಾರಾದರೂ ಕೈಹಿಡಿಯಬೇಕು, ಇಲ್ಲವಾದರೆ ನಮ್ಮ ಹುಡುಗನಿಗಾದ ಗತಿಯೇ ಆಗುತ್ತದೆ.

ಇನ್ನೊಂದು ವಿಷಯವನ್ನು ಸ್ಪಷ್ಟವಾಗಿ ಹೇಳಬೇಕು. ಬಿಸಿಎ ಮಾಡಿದವರಿಗೆ ಕೆಲಸ ಕಾದು ಕುಳಿತಿರುತ್ತದೆ ಎಂಬ ಕಾಲ ಹೋಯಿತು. 2025ರ ಜುಲೈಯಲ್ಲಿ ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪೆನಿಯಾದ ಟಿಸಿಎಸ್ ಸುಮಾರು 12,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಂದು ಸರಳವಾದ ಪ್ರೋಗ್ರಾಮುಗಳನ್ನು ತಾವೇ ಬರೆಯುತ್ತಿವೆ. ಇದರರ್ಥ ಈ ವಿದ್ಯೆ ವ್ಯರ್ಥವೆಂದೇ? ಖಂಡಿತ ಅಲ್ಲ. ಆಸ್ಪತ್ರೆ, ಬ್ಯಾಂಕು, ನ್ಯಾಯಾಲಯ, ಮಾರುಕಟ್ಟೆ ಎಲ್ಲವೂ ಇದರ ಮೇಲೆಯೇ ನಿಂತಿವೆ. ಆದರೆ ಮನಸ್ಸಿಟ್ಟು ಕಲಿತವನಿಗೆ ಮಾತ್ರ ಇಲ್ಲಿ ಜಾಗವಿದೆ, ಹೆಸರಿಗೆ ಪದವಿ ಪಡೆದವನಿಗಿಲ್ಲ. 2024-25ರಿಂದ ಬಿಸಿಎ ಮತ್ತು ಬಿಬಿಎ ಕೋರ್ಸುಗಳು ಎಐಸಿಟಿಇಯ ಅನುಮೋದನೆಯ ವ್ಯಾಪ್ತಿಗೆ ಬಂದಿವೆ. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಆ ಕಾಲೇಜಿಗೆ ಅನುಮೋದನೆ ಇದೆಯೇ, ಪ್ರಯೋಗಾಲಯದಲ್ಲಿ ಎಷ್ಟು ಕಂಪ್ಯೂಟರುಗಳು ಕೆಲಸ ಮಾಡುತ್ತಿವೆ, ಕಲಿಸುವವರು ಕಾಯಂ ಇದ್ದಾರೆಯೇ ಎಂಬುದನ್ನು ಸ್ವತಃ ಹೋಗಿ ನೋಡಿರಿ. ಕರಪತ್ರದಲ್ಲಿರುವ ಕಟ್ಟಡದ ಚಿತ್ರ ನೋಡಿ ಮರುಳಾಗಬೇಡಿರಿ.

ಎರಡನೆಯದಾಗಿ ಕಾನೂನು. ನಮ್ಮಲ್ಲಿ ವಕೀಲಿ ವೃತ್ತಿಯ ಬಗ್ಗೆ ಒಂದು ತಪ್ಪು ಕಲ್ಪನೆಯಿದೆ. ಸುಳ್ಳು ಹೇಳುವವರ ವೃತ್ತಿ ಅದು ಎನ್ನುತ್ತೇವೆ. ಆದರೆ ಮನೆಯಲ್ಲಿ ಪಾಲಿನ ಜಗಳವಾದಾಗ, ಮಗಳನ್ನು ಗಂಡನ ಮನೆಯವರು ಹೊರಹಾಕಿದಾಗ, ಅಮಾಯಕ ಹುಡುಗನನ್ನು ಪೊಲೀಸರು ಎಳೆದೊಯ್ದಾಗ ಇಂಡಿಯ ನ್ಯಾಯಾಲಯದ ಆವರಣದಲ್ಲಿ ನಾವು ಹುಡುಕುವುದು ಯಾರನ್ನು? ನ್ಯಾಯ ದೊರಕಿಸಿಕೊಡುವುದು ಪುಣ್ಯದ ಕೆಲಸ. ಅದನ್ನು ಸುಳ್ಳಿಗೆ ಬಳಸಿದವನ ತಪ್ಪು ಅವನದು, ವೃತ್ತಿಯದಲ್ಲ.

ಮಕ್ಕಳೇ, ಈ ದಾರಿಯ ಉದ್ದವನ್ನು ಮೊದಲೇ ಅಳೆದುಕೊಳ್ಳಿ. ಪಿಯುಸಿಯ ನಂತರ ನೇರವಾಗಿ ಸೇರಿದರೆ ಐದು ವರ್ಷದ ಬಿಎ ಎಲ್‌ಎಲ್‌ಬಿಯಂತಹ ಸಂಯುಕ್ತ ಪದವಿ. ಯಾವುದಾದರೂ ಪದವಿ ಮುಗಿಸಿ ಸೇರಿದರೆ ಮೂರು ವರ್ಷದ ಎಲ್‌ಎಲ್‌ಬಿ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಪ್ರವೇಶಕ್ಕೆ ಕನಿಷ್ಠ ಶೇ. 45 ಅಂಕ ಬೇಕು, ಹಿಂದುಳಿದ ವರ್ಗದವರಿಗೆ ಶೇ. 42. ಪಿಯುಸಿ ಓದದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದವರಿಗೆ ಎಲ್‌ಎಲ್‌ಬಿಗೆ ಅವಕಾಶವಿಲ್ಲ ಎಂಬುದನ್ನು ನೆನಪಿಡಿ. ‘ಪಿಯುಸಿ ಬೇಡ, ನೇರ ಡಿಗ್ರಿ ಮಾಡಿಸಿಕೊಡುತ್ತೇವೆ’ ಎನ್ನುವವರ ಮಾತಿಗೆ ಸಿಲುಕಿದವರು ಮುಂದೆ ಈ ಬಾಗಿಲಿನಲ್ಲಿ ನಿಂತು ಅಳಬೇಕಾಗುತ್ತದೆ.

2009ರಲ್ಲಿ ಹುಬ್ಬಳ್ಳಿಯಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ವಿಜಯಪುರದಲ್ಲಿಯೇ ಅಂಜುಮನ್ ಸಂಸ್ಥೆಯ ಕಾನೂನು ಕಾಲೇಜಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂತಹ ಸಂಸ್ಥೆಗಳಿಗೆ ಹೋಗಬಯಸುವವರು ಕ್ಲಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದು ಇಂಗ್ಲಿಷಿನಲ್ಲಿದೆ. ಅದಕ್ಕೆ ಪಿಯುಸಿ ಮೊದಲ ವರ್ಷದಿಂದಲೇ ತಯಾರಿ ಬೇಕು, ಫಲಿತಾಂಶ ಬಂದ ಮೇಲೆ ಎಚ್ಚೆತ್ತರೆ ಆಗದು.

ಪದವಿ ಮುಗಿದೊಡನೆ ಸಂಪಾದನೆ ಶುರುವಾಗುವುದಿಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಬೇಕು. ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ನಂತರ ಹಿರಿಯ ವಕೀಲರ ಕೈಕೆಳಗೆ ಎರಡು ಮೂರು ವರ್ಷ ಕಡಿಮೆ ಆದಾಯದಲ್ಲಿ ಕಲಿಯಬೇಕು. ನೋಂದಣಿ ಶುಲ್ಕವೆಂದು ಹಲವು ರಾಜ್ಯಗಳಲ್ಲಿ ಸಾವಿರಾರು ರೂಪಾಯಿ ವಸೂಲು ಮಾಡುತ್ತಿದ್ದರು. 1961ರ ವಕೀಲರ ಕಾಯ್ದೆಯಲ್ಲಿ ಹೇಳಿದಂತೆ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ತೀರ್ಪಿತ್ತಿದೆ. ನ್ಯಾಯಾಧೀಶರಾಗಬೇಕೆನ್ನುವವರಿಗೆ ಇನ್ನೊಂದು ಮಾತು: ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವ ಕಡ್ಡಾಯವೆಂದು 2025ರ ಮೇಯಲ್ಲಿ ಸುಪ್ರೀಂ ಕೋರ್ಟು ಮತ್ತೆ ವಿಧಿಸಿದೆ. ಅಂದರೆ ಹದಿನೆಂಟನೆಯ ವಯಸ್ಸಿನಲ್ಲಿ ಸೇರಿದ ಮಗು ಆ ಪರೀಕ್ಷೆಗೆ ಕೂರುವಾಗ ಇಪ್ಪತ್ತಾರು ತುಂಬಿರುತ್ತದೆ. ಅಷ್ಟು ಕಾಲ ಮನೆಯವರು ತಾಳಬಲ್ಲರೇ? ಇದನ್ನು ಇಂದೇ ಕುಳಿತು ಮಾತನಾಡಿರಿ. ಕಾನೂನು ಪದವೀಧರರು ವಕೀಲರ ಬಳಿ ತರಬೇತಿ ಪಡೆಯುವ ಅವಧಿಗೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಮಾಸಿಕ ಭತ್ಯೆ ನೀಡುತ್ತಾ ಬಂದಿದೆ. ಅದರ ಈ ವರ್ಷದ ಪ್ರಕಟಣೆ, ಅರ್ಹತೆಗಳನ್ನು ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿರಿ.

ಇನ್ನೊಂದು ಅನುಕೂಲವನ್ನೂ ಹೇಳಿಬಿಡೋಣ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಈ ಮೂರೂ ಬದಲಾಗಿ ಹೊಸ ಕಾನೂನುಗಳು ಬಂದಿವೆ. ಮೂವತ್ತು ವರ್ಷ ವಕೀಲಿ ಮಾಡಿದವರೂ ಕಲಂಗಳ ಸಂಖ್ಯೆಯನ್ನು ಹೊಸದಾಗಿ ಕಲಿಯುತ್ತಿದ್ದಾರೆ. ಇಂದು ಸೇರುವ ವಿದ್ಯಾರ್ಥಿ ಮೊದಲಿನಿಂದಲೇ ಹೊಸದನ್ನು ಕಲಿತು ಬರುತ್ತಾನೆ. ಹೈಕೋರ್ಟಿಗಾಗಿ ಬೆಂಗಳೂರಿನ ವರೆಗೆ ಹೋಗಬೇಕಾಗಿಯೂ ಇಲ್ಲ. 2008ರಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಆದ ಕಲಬುರಗಿ ಪೀಠದ ವ್ಯಾಪ್ತಿಯಲ್ಲಿಯೇ ನಮ್ಮ ಜಿಲ್ಲೆ ಇದೆ.

ಹೆಣ್ಣುಮಕ್ಕಳ ತಂದೆಯಂದಿರಿಗೆ ಒಂದು ಉದಾಹರಣೆ ಕೊಡಬಯಸುತ್ತೇವೆ. ಕೇರಳದ ಪತ್ತನಂತಿಟ್ಟದಲ್ಲಿ ಸರಕಾರಿ ನೌಕರರಾಗಿದ್ದ ಒಬ್ಬ ತಂದೆಗೆ ರಸಾಯನಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದ ಮಗಳಿದ್ದಳು. ಅವಳು ಅದೇ ವಿಷಯದಲ್ಲಿ ಮುಂದೆ ಓದುವ ಯೋಚನೆಯಲ್ಲಿದ್ದಾಗ, ತಂದೆ ಕಾನೂನು ಓದಲು ಪ್ರೋತ್ಸಾಹಿಸಿದರು. 1950ರಲ್ಲಿ ಆಕೆ ವಕೀಲೆಯಾದರು. 1989ರಲ್ಲಿ ಸುಪ್ರೀಂ ಕೋರ್ಟಿನ ಮೊತ್ತಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಅವರೇ ಜಸ್ಟಿಸ್ ಎಂ. ಫಾತಿಮಾ ಬೀವಿ. 2023ರಲ್ಲಿ ತೀರಿಕೊಂಡರು. ಆ ಕಾಲದಲ್ಲಿ ಒಬ್ಬ ತಂದೆಗೆ ಇದ್ದ ಧೈರ್ಯ, ಕೈಯಲ್ಲಿ ಇಷ್ಟೆಲ್ಲ ಸೌಲಭ್ಯಗಳಿರುವ ನಮಗೆ ಇಂದು ಯಾಕಿಲ್ಲ?

ಮೂರನೆಯದಾಗಿ ಬಿಎ. ನಾವು ಅತ್ಯಂತ ಅನ್ಯಾಯ ಮಾಡಿರುವುದು ಈ ಪದವಿಗೆ. ಬೇರೆಲ್ಲೂ ಸೀಟು ಸಿಗದವನು, ಓದಿಸುವ ಮನಸ್ಸಿಲ್ಲದ ಮಗಳು ಹೋಗುವ ಜಾಗ ಎಂದು ಅದನ್ನು ಮಾಡಿಬಿಟ್ಟಿದ್ದೇವೆ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಭಾಷೆ, ಸಾಹಿತ್ಯ ಇವು ಸುಲಭದ ವಿಷಯಗಳಲ್ಲ. ಒಂದು ಸಮಾಜ ತನ್ನನ್ನು ತಾನು ಅರಿಯುವ ವಿದ್ಯೆಗಳು ಇವು. ಕರ್ನಾಟಕ ಆಡಳಿತ ಸೇವೆಯ ಪರೀಕ್ಷೆಯನ್ನೂ ಐಎಎಸ್ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಬಹುದು. ಅವುಗಳಿಗೆ ಬೇಕಾಗುವ ಓದಿನ ದೊಡ್ಡ ಭಾಗ ಈ ವಿಷಯಗಳೇ. ಬಿಎ ನಂತರ ಎರಡು ವರ್ಷದ ಬಿ.ಎಡ್. ಮಾಡಿ ಶಿಕ್ಷಕರಾಗಬಹುದು, ಎಂಎ ಮಾಡಿ ಅಧ್ಯಾಪಕರಾಗಬಹುದು, ಪತ್ರಿಕೋದ್ಯಮಕ್ಕೆ, ಸಮಾಜಕಾರ್ಯಕ್ಕೆ ಹೋಗಬಹುದು, ಮೂರು ವರ್ಷದ ಕಾನೂನಿಗೂ ಹೋಗಬಹುದು. 2021-22ರಲ್ಲಿ ನಮ್ಮ ರಾಜ್ಯಕ್ಕೆ ಬಂದಿದ್ದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ಕೈಬಿಟ್ಟು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಗಿದೆ. ಇದು ಬಡ ಕುಟುಂಬಗಳಿಗೆ ಒಂದು ವರ್ಷದ ಖರ್ಚಿನ ಉಳಿತಾಯ.

ನಮ್ಮ ವಿಜಯಪುರದ ಫ.ಗು. ಹಳಕಟ್ಟಿಯವರನ್ನು ನೆನೆಯಿರಿ. ವೃತ್ತಿಯಿಂದ ವಕೀಲರು. ಆದರೆ ತಾಳೆಗರಿಗಳನ್ನು ಹುಡುಕಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ ತಮ್ಮ ಸಮಾಜದ ಮರೆತುಹೋದ ಸಂಪತ್ತನ್ನು ಮರಳಿ ತಂದರು. ನಮ್ಮ ಕಾಲದಲ್ಲಿ ಹಾಸನದ ಬಾನು ಮುಷ್ತಾಕ್ ಅವರು ವಕೀಲರೂ ಹೌದು, ಕಥೆಗಾರ್ತಿಯೂ ಹೌದು. 2025ರಲ್ಲಿ ಅವರ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕವಿ ಕೆ.ಎಸ್. ನಿಸಾರ್ ಅಹಮದ್ ಓದಿದ್ದು, ಕಲಿಸಿದ್ದು ಭೂಗರ್ಭಶಾಸ್ತ್ರ. ಪದವಿಯೆಂಬುದು ಮನುಷ್ಯನನ್ನು ಕೂಡಿಹಾಕುವ ಗೋಡೆಯಲ್ಲ. ಆದರೆ ಒಳಗೆ ಕಾಲಿಡುವ ಬಾಗಿಲಾದರೂ ನಮ್ಮ ಸ್ವಭಾವಕ್ಕೆ ಹೊಂದುವಂತಿರಬೇಕು.

ಈ ಮೂರರಲ್ಲಿ ಯಾವುದು ಶ್ರೇಷ್ಠ ಎಂದು ನೀವು ಕೇಳಬಹುದು. ಉತ್ತರಕ್ಕೆ ಬದಲಾಗಿ ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ.

2024ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಹೊನವಾಡದ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳಲ್ಲಿ ಬಂತು. ರೈತರ ಜಮೀನು ವಕ್ಫ್ ಆಸ್ತಿಯೆಂಬ ನೋಟಿಸುಗಳ ವಿವಾದ ಎದ್ದು, ಕೊನೆಗೆ ನೋಟಿಸುಗಳನ್ನು ಹಿಂಪಡೆಯುವಂತೆ ಮುಖ್ಯಮಂತ್ರಿಯವರೇ ಸೂಚಿಸಬೇಕಾಯಿತು. ತಲೆಮಾರುಗಳಿಂದ ಒಟ್ಟಿಗೆ ಬಾಳಿದ ರೈತರು ಮತ್ತು ಮುಸ್ಲಿಮರ ನಡುವೆ ಒಂದು ಕಾಗದದಿಂದಾಗಿ ಅಪನಂಬಿಕೆ ಹುಟ್ಟಿತು. ರಾಜಕಾರಣಿಗಳು ಅದರಲ್ಲಿ ತಮ್ಮ ರೊಟ್ಟಿ ಸುಟ್ಟುಕೊಂಡರು. ಮರುವರ್ಷ, 2025ರ ಎಪ್ರಿಲಿನಲ್ಲಿ ವಕ್ಫ್ ಕಾಯ್ದೆಗೆ ತಿದ್ದುಪಡಿಯಾಯಿತು. ಜೂನ್ 6ರಂದು ಕೇಂದ್ರ ಸರಕಾರ ‘ಉಮೀದ್’ ಎಂಬ ಪೋರ್ಟಲ್ ತೆರೆದು, ವಕ್ಫ್ ಆಸ್ತಿಗಳ ವಿವರವನ್ನು ಆರು ತಿಂಗಳೊಳಗೆ ಅದರಲ್ಲಿ ದಾಖಲಿಸಬೇಕೆಂದಿತು. ಆ ತಿದ್ದುಪಡಿಯ ಬಗ್ಗೆ ನಮ್ಮ ಆಕ್ಷೇಪಗಳೇನು ಎಂಬುದು ಬೇರೆಯೇ ವಿಷಯ. ಗಡುವು ಮಾತ್ರ ಎದುರಿಗಿತ್ತು.

ಆ ದಿನಗಳಲ್ಲಿ ಒಂದು ಊರಿನ ಮಸೀದಿಯ ಜಮಾಅತಿನವರೊಂದಿಗೆ ನಾವು ಕುಳಿತಿದ್ದೆವು. ಮುತವಲ್ಲಿಯವರು ಒಂದು ತಗಡಿನ ಪೆಟ್ಟಿಗೆ ತಂದು ಮುಂದಿಟ್ಟರು. ಅದರೊಳಗೆ ಅಜ್ಜನ ಕಾಲದ ಕಾಗದಗಳಿದ್ದವು. ಕೆಲವು ಉರ್ದುವಿನಲ್ಲಿ, ಕೆಲವು ಮೋಡಿ ಲಿಪಿಯಲ್ಲಿ. 1956ರ ತನಕ ನಾವು ಮುಂಬಯಿ ಪ್ರಾಂತದಲ್ಲಿದ್ದವರಲ್ಲವೇ! ಅದನ್ನು ಓದಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆ ಕಾಗದಕ್ಕೂ ಇಂದಿನ ಪಹಣಿಗೂ ಏನು ಸಂಬಂಧ, ಯಾವ ದಾಖಲೆಗೆ ಕಾನೂನಿನಲ್ಲಿ ಎಷ್ಟು ಬೆಲೆ, ಎಲ್ಲಿ ಅರ್ಜಿ ಹಾಕಬೇಕು ಎಂದು ಹೇಳಬಲ್ಲವರು ಇರಲಿಲ್ಲ. ಅಳತೆ, ಸರ್ವೆ ನಂಬರು, ದಾಖಲೆಗಳನ್ನು ತಪ್ಪಿಲ್ಲದೆ ಪೋರ್ಟಲಿಗೆ ಏರಿಸಬಲ್ಲವರೂ ಇರಲಿಲ್ಲ. ನಾಳೆ ಪಕ್ಕದ ಹೊಲದ ರೈತ ಬಂದು ‘ನನ್ನ ಜಮೀನು ಇದರಲ್ಲಿ ಸೇರಿಲ್ಲವಲ್ಲಾ?’ ಎಂದು ಕೇಳಿದರೆ, ದಾಖಲೆ ತೋರಿಸಿ ಅವನ ಮನಸ್ಸಿಗೆ ನೆಮ್ಮದಿ ಕೊಡುವವರೂ ಇರಲಿಲ್ಲ. ಅಷ್ಟು ಮಂದಿ ಹಿರಿಯರು ಒಂದು ಪೆಟ್ಟಿಗೆಯ ಸುತ್ತ ಅಸಹಾಯಕರಾಗಿ ಕುಳಿತಿದ್ದೆವು.

ಆ ಮೇಜಿನ ಸುತ್ತ ಅಂದು ಬೇಕಾಗಿದ್ದವರು ಮೂವರು ಮಕ್ಕಳು. ಇತಿಹಾಸವನ್ನೂ ಭಾಷೆಗಳನ್ನೂ ಮನಸ್ಸಿಟ್ಟು ಓದಿದ ಒಬ್ಬರು, ಕಾನೂನು ಬಲ್ಲ ಒಬ್ಬರು, ಮಾಹಿತಿ ವ್ಯವಸ್ಥೆ ಬಲ್ಲ ಒಬ್ಬರು. ಅವರಲ್ಲಿ ಯಾರು ಶ್ರೇಷ್ಠರು ಎಂದು ಆ ದಿನ ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ. ಒಬ್ಬರಿಲ್ಲದೆ ಇನ್ನಿಬ್ಬರ ಕೆಲಸ ಸಾಗುತ್ತಿರಲಿಲ್ಲ. ಎಲ್ಲ ಮಕ್ಕಳನ್ನೂ ಒಂದೇ ಕೋರ್ಸಿಗೆ ತಳ್ಳುವ ಸಮುದಾಯ ಇಂತಹ ದಿನಗಳಲ್ಲಿ ಹೀಗೆ ಕೈಕಟ್ಟಿ ಕೂರಬೇಕಾಗುತ್ತದೆ.

ಈಗ ಕೆಲವು ವ್ಯಾವಹಾರಿಕ ಮಾತುಗಳು.

ಒಂದು, ಮನೆಯಲ್ಲಿ ಮಗುವನ್ನು ಎದುರಿಗೆ ಕೂರಿಸಿಕೊಂಡು ಕೇಳಿರಿ. ‘ನೀನು ಏನಾಗುತ್ತೀ?’ ಎಂದಲ್ಲ. ಹದಿನೇಳರ ಮಗುವಿಗೆ ಅದರ ಉತ್ತರ ತಿಳಿದಿರುವುದಿಲ್ಲ. ‘ಯಾರೂ ಹೇಳದೆ ನೀನಾಗಿ ಮಾಡುವ ಕೆಲಸ ಯಾವುದು? ಯಾವ ಪುಸ್ತಕ ತೆರೆದಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ? ಯಾವುದಕ್ಕೆ ಹೆದರುತ್ತೀ?’ ಎಂದು ಕೇಳಿರಿ. ಮಗಳನ್ನೂ ಕೇಳಿರಿ. ಅವಳ ಅರ್ಜಿಗೆ ಅವಳೇ ಅಂಗಡಿಗೆ ಬರಲಿ.

ಎರಡು, ಆ ಕೋರ್ಸನ್ನು ಈಗಾಗಲೇ ಓದುತ್ತಿರುವ ಇಬ್ಬರನ್ನಾದರೂ ಭೇಟಿ ಮಾಡಿಸಿರಿ. ಒಬ್ಬರು ಗೆದ್ದವರು, ಒಬ್ಬರು ಸೋತವರು. ಸೋತವರ ಮಾತಿನಲ್ಲಿಯೇ ಹೆಚ್ಚು ಸತ್ಯವಿರುತ್ತದೆ. ಅವರಿಂದ ಮೊದಲ ವರ್ಷದ ಪುಸ್ತಕಗಳನ್ನು ತಂದು ಮಗುವಿಗೆ ಒಂದು ವಾರ ಕೊಡಿರಿ. ಒಂದು ವಾರ ಓದಲಾರದ್ದನ್ನು ಮೂರು ವರ್ಷ ಓದಲಾದೀತೇ?

ಮೂರು, ಖರ್ಚನ್ನು ಒಂದು ವರ್ಷಕ್ಕಲ್ಲ, ಕೊನೆಯ ವರ್ಷದ ವರೆಗೆ ಲೆಕ್ಕ ಹಾಕಿರಿ. ಶುಲ್ಕ, ಹಾಸ್ಟೆಲು, ಬಸ್ಸು, ಪುಸ್ತಕ ಎಲ್ಲವನ್ನೂ ಬರೆದುಕೊಳ್ಳಿ. ಮದುವೆಯ ಖರ್ಚಿಗೆ ಕೂಡಿಡುವ ನಾವು ಓದಿಗೆ ಸಾಲ ಮಾಡುತ್ತೇವೆ. ಇದು ತಲೆಕೆಳಗಾದ ಲೆಕ್ಕ.

ನಾಲ್ಕು, ಕಾಗದಪತ್ರಗಳು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಇಂದೇ ಮಾಡಿಸಿರಿ. ಪ್ರವರ್ಗ 2ಬಿಯ ಶೇ. 4 ಮೀಸಲಾತಿಯನ್ನು 2023ರ ಮಾರ್ಚಿನಲ್ಲಿ ಅಂದಿನ ರಾಜ್ಯ ಸರಕಾರ ರದ್ದುಪಡಿಸಲು ಹೊರಟಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಆ ಆದೇಶ ಜಾರಿಗೆ ಬರಲಿಲ್ಲ. ನದಾಫ್, ಪಿಂಜಾರ ಕುಟುಂಬಗಳು ಪ್ರವರ್ಗ 1ರಲ್ಲಿ ಬರುತ್ತವೆ ಎಂಬುದನ್ನು ಆ ಮನೆಗಳವರೇ ಕೆಲವೊಮ್ಮೆ ಮರೆಯುತ್ತಾರೆ. ಭೀಮಾ ನದಿಯಾಚೆಯ ಅಫಜಲಪುರದ ನಮ್ಮ ನೆಂಟರ ಮಕ್ಕಳಿಗೆ 371(ಜೆ) ವಿಧಿಯ ಸೌಲಭ್ಯವಿದೆ, ವಿಜಯಪುರ ಜಿಲ್ಲೆಯ ನಮಗಿಲ್ಲ. ಅವರ ಪಟ್ಟಿ ನೋಡಿ ನಮ್ಮ ಸೀಟಿನ ಲೆಕ್ಕ ಹಾಕಬೇಡಿರಿ. ಹಾಗೆಯೇ ಸೊಲ್ಲಾಪುರ ಹತ್ತಿರವೆಂದು ಮಕ್ಕಳನ್ನು ಅಲ್ಲಿಗೆ ಸೇರಿಸುವವರು, ನಮ್ಮ ಪ್ರವರ್ಗದ ಪ್ರಮಾಣಪತ್ರಕ್ಕೆ ಮಹಾರಾಷ್ಟ್ರದ ಮೀಸಲಾತಿಯಲ್ಲಿ ಬೆಲೆಯಿಲ್ಲ ಎಂಬುದನ್ನು ತಿಳಿದೇ ಹೋಗಲಿ.

ಐದು, ಹೆಣ್ಣುಮಕ್ಕಳನ್ನು ದೂರ ಕಳುಹಿಸಲು ಹಿಂಜರಿಯುವವರಿಗೆ ಜಿಲ್ಲಾ ಕೇಂದ್ರದಲ್ಲಿಯೇ ದಾರಿಗಳಿವೆ. 2003ರಲ್ಲಿ ಆರಂಭವಾದ, 2017ರಿಂದ ಅಕ್ಕಮಹಾದೇವಿಯವರ ಹೆಸರು ಹೊತ್ತ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ವಿಜಯಪುರದಲ್ಲಿದೆ. ಸಿಕ್ಯಾಬ್ ಸಂಸ್ಥೆಯ ಮಹಿಳಾ ಕಾಲೇಜು ಇದೆ. ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲುಗಳಿವೆ. ‘ಕಾಲೇಜಿಲ್ಲ’ ಎಂಬ ನೆಪ ಇನ್ನು ಉಳಿದಿಲ್ಲ. ಉಳಿದಿರುವುದು ನಮ್ಮ ಮನಸ್ಸಿನ ಬೀಗ ಮಾತ್ರ.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ಹೆತ್ತವರು ಕೇಳದಿದ್ದರೆ ನೀವಾಗಿಯೇ ಹೇಳಿರಿ. ಗೌರವದಿಂದ ಹೇಳಿರಿ, ಆದರೆ ಹೇಳಿರಿ. ಆಮೇಲೆ ಆರಿಸಿಕೊಂಡದ್ದನ್ನು ಶ್ರದ್ಧೆಯಿಂದ ಓದಿರಿ. ಆಯ್ಕೆಯ ಹಕ್ಕು ಬೇಕೆನ್ನುವವರು ಅದರ ಹೊಣೆಯನ್ನೂ ಹೊರಬೇಕು. ಮೊದಲ ಸೆಮಿಸ್ಟರಿನಲ್ಲಿ ಎಡವಿದರೆ ಮುಚ್ಚಿಡಬೇಡಿರಿ. ಆಗಲೇ ಹೇಳಿದರೆ ದಾರಿ ಬದಲಿಸಲು ಕಾಲವಿರುತ್ತದೆ.

ನಮ್ಮ ತಮ್ಮನ ಮಗನ ಬಗ್ಗೆ ಹೇಳಿದ್ದೆವಲ್ಲ, ಅವನು ಈಗ ಬಿಎಯ ಕೊನೆಯ ವರ್ಷದಲ್ಲಿದ್ದಾನೆ. ಹಗಲು ತರಗತಿ, ಸಂಜೆ ಗಾಡಿ. ಮುಂದೆ ಮೂರು ವರ್ಷದ ಕಾನೂನು ಓದುವ ಆಸೆಯಿದೆ. ಅವನ ತಂಗಿ ಬಿಎ ಮುಗಿಸಿದ್ದಾಳೆ. ಒಂದು ಹೊಲಿಗೆ ಅಂಗಡಿಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾ, ರಾತ್ರಿ ತಾನೇ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾಳೆ. ಇಬ್ಬರೂ ತಮ್ಮ ದಾರಿ ಹಿಡಿದರು. ಆದರೆ ಅವನ ಎರಡು ವರ್ಷಗಳನ್ನೂ ಅವಳ ಮೂರು ವರ್ಷಗಳನ್ನೂ ನಾವು ಮರಳಿಸಲಾರೆವು. ನಿಮ್ಮ ಮನೆಯ ಅರ್ಜಿ ಇನ್ನೂ ಖಾಲಿಯಿದೆ. ಇಂದು ರಾತ್ರಿ ಊಟವಾದ ಮೇಲೆ ಟಿವಿಯನ್ನು ಆರಿಸಿ, ಮೊಬೈಲನ್ನು ಬದಿಗಿಟ್ಟು, ಮಗನನ್ನೂ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿರಿ. ಅವರು ಹೇಳುತ್ತಾರೆ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನೂ ನಮಗೆ ಕೇಳಿಸಿಕೊಳ್ಳುವ ಮನಸ್ಸನ್ನೂ ಕರುಣಿಸಲಿ. ಆಮೀನ್.